ನಿಮಗಿದು ಗೊತ್ತೇ? ಗಾಜಿನ ತೊಟ್ಟಿಯ ತೋಟಕ್ಕೆ ಎಷ್ಟು ಬೆಳಕು, ಎಂಥ ಮಣ್ಣು!

ಅಕ್ವೇರಿಯಂನಲ್ಲಿ ಮೀನಿನ ಜೊತೆ ಗಿಡವನ್ನೂ ಬೆಳೆಸುವ ಆಸೆ ಇದೆಯೇ? ಹಾಗಾದರೆ ಇದನ್ನು ಕೇಳಿ. ಅಂಗಡಿಯಿಂದ ನೀವು ತರುವ ‘ನೀರಿನ ಗಿಡ’ ಅದುವರೆಗೂ ನೀರಿನಲ್ಲಿ ಮುಳುಗಿಯೇ ಇರಲಿಕ್ಕಿಲ್ಲ! ಎಷ್ಟೋ ಜಾತಿಗಳನ್ನು ನರ್ಸರಿಯವರು ತೇವದ ಗಾಳಿಯಲ್ಲಿ, ಬೇರಷ್ಟೇ ನೆನೆಯುವಂತೆ ಬೆಳೆಸುತ್ತಾರೆ. ತೊಟ್ಟಿಗೆ ಇಳಿಸಿದ ಮೇಲೆ ಹಳೆಯ ಎಲೆಗಳು ಕರಗುತ್ತವೆ. ಆಮೇಲೆ ಬೇರೆಯೇ ಆಕಾರದ ಹೊಸ ಎಲೆ ಚಿಗುರುತ್ತದೆ. ಸತ್ತೇ ಹೋಯಿತೆಂದು ಕಿತ್ತೆಸೆಯಬೇಡಿ. ಗಿಡ ಬಟ್ಟೆ ಬದಲಿಸುತ್ತಿದೆ, ಅಷ್ಟೇ!

ಕ್ರಿಪ್ಟೊಕೊರೈನ್ ಎಂಬ ಗಿಡವಂತೂ ಜಾಗ ಬದಲಾದರೆ ಸಾಕು, ಇದ್ದಬದ್ದ ಎಲೆಗಳನ್ನೆಲ್ಲ ಕರಗಿಸಿಬಿಡುತ್ತದೆ. ಬೇರು ಮಾತ್ರ ಮಣ್ಣೊಳಗೆ ಜೀವಂತ! ಕೆಲವು ವಾರ ಕಾದರೆ ಮತ್ತೆ ತಲೆ ಎತ್ತುತ್ತದೆ. ಈ ಕುಲದ ಒಂದು ಗಿಡ, ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್, ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದೇ!

ಈಗ ಬೆಳಕಿಗೆ ಬನ್ನಿ. ದೀಪದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ‘ಲುಮೆನ್’ ಲೆಕ್ಕ ಬರೆದಿರುತ್ತದಲ್ಲ? ಅದು ಮನುಷ್ಯರ ಕಣ್ಣಿನ ಲೆಕ್ಕ! ನಮ್ಮ ಕಣ್ಣಿಗೆ ಹಗಲಿನಲ್ಲಿ ಅತಿ ಪ್ರಖರವಾಗಿ ಕಾಣುವುದು 555 ನ್ಯಾನೋಮೀಟರ್ ಆಸುಪಾಸಿನ ಹಸಿರು. ಎಲೆಯೊಳಗಿನ ಪತ್ರಹರಿತ್ತಿಗೆ ಹೆಚ್ಚು ಇಷ್ಟವಾಗುವುದು ನೀಲಿ ಮತ್ತು ಕೆಂಪು. ನಿಮಗೆ ಝಗಮಗ ಎನ್ನಿಸಿದ ದೀಪದಿಂದ ಗಿಡಕ್ಕೆ ಹೊಟ್ಟೆ ತುಂಬಬೇಕೆಂದೇನೂ ಇಲ್ಲ!

‘6500 ಕೆ’ ಎಂದು ಬರೆದಿದ್ದರೆ ಅದು ದೀಪದ ಶಕ್ತಿ ಎಂದುಕೊಂಡಿರಾ? ಅಲ್ಲ, ಅದು ಬಣ್ಣ! 6500 ಕೆಲ್ವಿನ್ ಎಂದರೆ ಹೆಚ್ಚುಕಡಿಮೆ ಹಗಲ ಬೆಳಕಿನ ಬಿಳುಪು. ಮನೆಗೆಂದು ಕೊಳ್ಳುವ ‘ಕೂಲ್ ಡೇಲೈಟ್’ ಎಲ್‌ಇಡಿ ಬಲ್ಬ್ ಕೂಡ ಸಾಮಾನ್ಯವಾಗಿ ಇದೇ ಬಣ್ಣದ್ದು. ಸಣ್ಣ ತೊಟ್ಟಿ, ಸುಲಭದ ಗಿಡಗಳಾದರೆ ಅದೂ ನಡೆದೀತು. ನೀರು ಸಿಡಿಯದಂತೆ ಗಾಜಿನ ಮುಚ್ಚಳದ ಮೇಲೆ ಭದ್ರವಾಗಿ ಕೂರಿಸಿದರಾಯಿತು.

‘ಗ್ಯಾಲನ್‌ಗೆ ಇಷ್ಟು ವಾಟ್’ ಎಂಬ ಹಳೆಯ ಸೂತ್ರ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಅದು ಟ್ಯೂಬ್‌ಲೈಟ್ ಕಾಲದ್ದು. ಅಷ್ಟೇ ಬೆಳಕಿಗೆ ಎಲ್‌ಇಡಿ ಬಹಳ ಕಡಿಮೆ ವಾಟ್ ತಿನ್ನುತ್ತದೆ!

ಹಾಗಾದರೆ ಬೆಳಕು ಜಾಸ್ತಿ ಕೊಟ್ಟಷ್ಟೂ ಒಳ್ಳೆಯದೇ? ಇಲ್ಲೇ ಇದೆ ತಮಾಷೆ! ಕಾರ್ಬನ್ ಡೈಆಕ್ಸೈಡ್ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ದೀಪ ಎಷ್ಟೇ ಉರಿದರೂ ಗಿಡದ ಬಾಯಿಗೆ ಇಂಗಾಲ ತಲುಪುವುದು ಆಮೆ ನಡಿಗೆಯಲ್ಲೇ. ಗಿಡ ಬಳಸದೆ ಬಿಟ್ಟ ಬೆಳಕು ಯಾರ ಪಾಲು? ಪಾಚಿಯ ಪಾಲು! ಹೊಸಬರಿಗೆ ದಿನಕ್ಕೆ 6ರಿಂದ 8 ಗಂಟೆ ಬೆಳಕು ಧಾರಾಳ. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಲೇಬೇಡಿ. ನನ್ನನ್ನು ಕೇಳಿದರೆ ದುಬಾರಿ ದೀಪಕ್ಕಿಂತ ಮೊದಲು ಒಂದು ಟೈಮರ್ ಕೊಳ್ಳಿ. ನೀವು ಮರೆತರೂ ಅದು ಮರೆಯುವುದಿಲ್ಲ!

ಕೆಲವು ಗಿಡಗಳು ಕಡು ಬೆಳಕಿನಲ್ಲಿ ಕೆಂಪಾಗುತ್ತವೆ, ಗೊತ್ತೇ? ಆ ಕೆಂಪು ಆಂಥೊಸಯನಿನ್ ಎಂಬ ವರ್ಣದ್ರವ್ಯದ್ದು. ಅತಿ ಬೆಳಕಿನಿಂದ ಎಲೆಯನ್ನು ಕಾಯುವ ಕೊಡೆ ಅದು!

ಇನ್ನು ತಳದ ಮಣ್ಣು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಹೇಳಿದ್ದೇನು ಗೊತ್ತೇ? ಸಾಮಾನ್ಯ ತೋಟದ ಮಣ್ಣೇ ಸಾಕು! ಒಂದು ಇಂಚು ಮಣ್ಣು, ಅದರ ಮೇಲೆ ಒಂದು ಇಂಚು ಸಣ್ಣ ಜಲ್ಲಿ ಅಥವಾ ಮರಳಿನ ಹೊದಿಕೆ. ಮಣ್ಣಿನ ಸೂಕ್ಷ್ಮಜೀವಿಗಳು ಎಲೆಕೊಳೆಯನ್ನು ಜೀರ್ಣಿಸುತ್ತಾ ಗಿಡಗಳಿಗೆ ಬೇಕಾದ ಕಾರ್ಬನ್ ಡೈಆಕ್ಸೈಡನ್ನೂ ಒದಗಿಸುತ್ತವೆ. ಸಿಲಿಂಡರ್ ಬೇಡ, ಪೈಪ್ ಬೇಡ! ಆದರೆ ಹೊದಿಕೆಯನ್ನು ಬಹಳ ದಪ್ಪ ಮಾಡಬೇಡಿ. ಗಾಳಿಯಾಡದ ತಳದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ.

ಕರಾವಳಿಯಲ್ಲಿ ಮನೆ ಕಟ್ಟುವ ಕೆಂಪುಕಲ್ಲು ನೋಡಿದ್ದೀರಲ್ಲ? ಅದೇ ಜಂಬಿಟ್ಟಿಗೆ, ಅದೇ ಲ್ಯಾಟರೈಟ್! ಫ್ರಾನ್ಸಿಸ್ ಬುಕನನ್ ಅದನ್ನು ಕೇರಳದ ಅಂಗಾಡಿಪುರಂನಲ್ಲಿ ಕಂಡು, 1807ರ ತನ್ನ ಪ್ರವಾಸ ಗ್ರಂಥದಲ್ಲಿ ಜಗತ್ತಿಗೆ ಪರಿಚಯಿಸಿದ. 1980ರ ದಶಕದಲ್ಲಿ ಜರ್ಮನಿಯ ಹವ್ಯಾಸಿಗಳು ಅದೇ ಲ್ಯಾಟರೈಟನ್ನು ಅಕ್ವೇರಿಯಂ ತಳದಲ್ಲಿ ಬೆರೆಸತೊಡಗಿದರು. ಕಾರಣ ಅದರಲ್ಲಿ ತುಂಬಿರುವ ಕಬ್ಬಿಣ. ನಮ್ಮ ಗೋಡೆಯ ಕಲ್ಲು ಅವರ ಗಿಡಕ್ಕೆ ಟಾನಿಕ್!

ಅಂಗಡಿಯ ಕಪ್ಪು ಗುಂಡಿನಂಥ ‘ಆಕ್ವಾ ಸಾಯಿಲ್’ ಕೂಡ ಮಣ್ಣೇ, ಕಾಳಿನಾಕಾರಕ್ಕೆ ತಂದು ಬೇಯಿಸಿದ್ದು. ಅದು ನೀರಿನ ಗಡಸುತನವನ್ನೇ ಇಳಿಸುತ್ತದೆ. ಬೋರ್‌ವೆಲ್ ನೀರಿನವರಿಗೆ ಇದು ಸಿಹಿಸುದ್ದಿ! ಆದರೆ ಮೊದಲ ಕೆಲವು ವಾರ ಅದು ಅಮೋನಿಯಾ ಬಿಡುತ್ತದೆ. ಗಿಡಕ್ಕೆ ಊಟ, ಮೀನಿಗೆ ವಿಷ. ಹಾಗಾಗಿ ಮೀನುಗಳನ್ನು ಆಮೇಲೆ ಬಿಡಿ.

ಈ ಆಕ್ವಾ ಸಾಯಿಲನ್ನು ಜನಪ್ರಿಯಗೊಳಿಸಿದ ಜಪಾನಿನ ತಕಾಶಿ ಅಮಾನೊ ಮೊದಲು ಏನಾಗಿದ್ದರು ಗೊತ್ತೇ? ವೃತ್ತಿಪರ ಸೈಕಲ್ ಪಟು! 2015ರಲ್ಲಿ ಅವರು ಲಿಸ್ಬನ್‌ನ ಓಷನೇರಿಯಂನಲ್ಲಿ ನಿರ್ಮಿಸಿದ ನೀರಡಿಯ ಕಾಡಿನ ಉದ್ದ 40 ಮೀಟರ್!

ಬಿಳಿ ಅಮೃತಶಿಲೆಯ ಚೂರು, ಕಪ್ಪೆಚಿಪ್ಪು ಹಾಕಿದರೆ ತೊಟ್ಟಿ ಚೆಂದ ಕಾಣುತ್ತದೆ, ನಿಜ. ಆದರೆ ಒಂದು ಚೂರಿನ ಮೇಲೆ ವಿನೆಗರ್ ಹನಿಸಿ ನೋಡಿ. ನೊರೆ ಉಕ್ಕಿತೇ? ಅದರಲ್ಲಿ ಸುಣ್ಣವಿದೆ ಎಂದರ್ಥ. ಅದು ಮೆಲ್ಲಗೆ ಕರಗುತ್ತಾ ನೀರನ್ನು ಇನ್ನಷ್ಟು ಗಡಸು ಮಾಡುತ್ತದೆ!

ಮಣ್ಣೇ ಬೇಡದ ಗಿಡಗಳೂ ಇವೆ! ಜಾವಾ ಫರ್ನ್, ಅನುಬಿಯಾಸ್‌ಗಳ ದಪ್ಪ ಕಾಂಡವನ್ನು ಹೂತರೆ ಕೊಳೆತೇ ಹೋಗುತ್ತದೆ. ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಿ, ಬೇರು ತಾನೇ ಅಪ್ಪಿಕೊಳ್ಳುತ್ತದೆ. ಮಂದ ಬೆಳಕೂ ಸಾಕು. ಹೊಸಬರಿಗೆ ಇವಕ್ಕಿಂತ ಒಳ್ಳೆಯ ಗಿಡ ನನಗಂತೂ ಕಂಡಿಲ್ಲ!

ಹೈಸ್ಕೂಲಿನಲ್ಲಿ ಆಲಿಕೆಯ ಕೆಳಗಿಟ್ಟು ಆಮ್ಲಜನಕದ ಗುಳ್ಳೆ ತೋರಿಸಿದ ಹೈಡ್ರಿಲ್ಲಾ ನೆನಪಿದೆಯೇ? ಪೂರ್ಣ ಬಿಸಿಲಿನ ಶೇ 1ರಷ್ಟು ಬೆಳಕಿದ್ದರೂ ಅದು ಬೆಳೆಯಬಲ್ಲದು! 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಕ್ಕೆಂದು ಶ್ರೀಲಂಕಾದಿಂದ ಫ್ಲಾರಿಡಾಕ್ಕೆ ಹೋದ ಹೈಡ್ರಿಲ್ಲಾ ಅಲ್ಲಿನ ಕೆರೆ, ಕಾಲುವೆಗಳನ್ನೇ ಮುತ್ತಿಬಿಟ್ಟಿತು. ಒಂದು ಸಣ್ಣ ತುಂಡಿನಿಂದಲೂ ಅದು ಮತ್ತೆ ಗಿಡವಾಗುತ್ತದೆ. ಆದ್ದರಿಂದ ನಿಮ್ಮ ತೊಟ್ಟಿಯಲ್ಲಿ ಕತ್ತರಿಸಿದ ಗಿಡ ಯಾವುದೇ ಇರಲಿ, ಕೆರೆಗೂ ಚರಂಡಿಗೂ ಎಸೆಯಬೇಡಿ. ಬಿಸಿಲಲ್ಲಿ ಪೂರ್ತಿ ಒಣಗಿಸಿ, ಹೂಕುಂಡಕ್ಕೆ ಗೊಬ್ಬರವಾಗಿ ಹಾಕಿ!