ಪಿಕಪ್‌ನ ಹಿಂದಿನ ಗಾಜು ಒಡೆದರೆ ಏನು ಮಾಡಬೇಕು?

ಡ್ರಿಪ್ ಪೈಪ್, ಬಿದಿರು, ತೊಗರಿ ಕಟ್ಟಿಗೆ ಹೇರಿಕೊಂಡು ಬರುವಾಗ ಒಮ್ಮೆಲೇ ಬ್ರೇಕ್ ಹಾಕಿದ್ರೆ ಸರಕು ಮುಂದಕ್ಕೆ ಸರಿದು ಕ್ಯಾಬಿನ್ನಿನ ಹಿಂದಿನ ಗಾಜಿಗೆ ಬಡಿಯುತ್ತೆ. ಆಳಂದ, ಅಫಜಲಪುರ, ಜೇವರ್ಗಿ ಕಡೆ ಇದು ಹೊಸದಲ್ಲ. ಕೆಲವರು ಅಲ್ಲಿ ರಟ್ಟು ಬಡಿದು ಓಡಿಸ್ತಾರೆ. ಆಗ ಹಿಂದಿನದು ಕಾಣಲ್ಲ, ಇನ್ನೊಮ್ಮೆ ಪೈಪ್ ಸರಿದ್ರೆ ನೇರ ಡ್ರೈವರ್ ಕುತ್ತಿಗೆಗೇ ಬರುತ್ತೆ.

ರಬ್ಬರ್ ಬೀಡಿಂಗ್‌ನಲ್ಲಿ ಕೂತಿರೋ ಗಾಜನ್ನ ಇಬ್ಬರು ಸೇರಿ ನಾವೇ ಹಾಕಬಹುದು. ನಾನು ಹಾಕಿದ್ದೂ ಹಂಗೇ. ಅಂಟು ಹಾಕಿ ಕೂರಿಸಿದ ಗಾಜಾಗಲಿ, ಮುಂದಿನ ಗಾಜಾಗಲಿ ಇದ್ರೆ ಅಂಗಡಿಗೇ ಒಯ್ಯಿರಿ.

ಮೊದಲು ಚೂರು ತೆಗೀರಿ

ದಪ್ಪ ಕೈಗವಸು ಹಾಕ್ಕೊಳ್ರಿ. ಸೀಟಿನ ಸಂದಿ, ಬೀಡಿಂಗ್ ಕೂರುವ ತಗಡಿನ ಅಂಚು ಪೂರ್ತಿ ಸ್ವಚ್ಛ ಮಾಡ್ರಿ. ಗಾಡಿಯಲ್ಲಿ ಬಾಯಿ ತೆರೆದ ಹೊಟ್ಟಿನ ಚೀಲ ಇತ್ತಾ? ಆ ಹೊಟ್ಟನ್ನ ದನಕ್ಕೆ ಹಾಕಬೇಡಿ. ಎಷ್ಟು ಆರಿಸಿದ್ರೂ ಸಣ್ಣ ಚೂರು ಉಳಿಯುತ್ತೆ, ದನದ ಹೊಟ್ಟೆಗೆ ಹೋಗುತ್ತೆ.

ಗಾಜು ಕೊಳ್ಳುವಾಗ

ಗಾಡಿಯ ಮಾಡೆಲ್, ವರ್ಷ ಹೇಳಿ, ಐಎಸ್‌ಐ ಗುರುತಿರೋ ಟಫನ್ಡ್ ಗಾಜೇ ಕೇಳ್ರಿ. ಅದು ಒಡೆದ್ರೆ ಸಣ್ಣ ಹರಳಾಗುತ್ತೆ. ಮನೆ ಕಿಟಕಿ ಗಾಜು ಚೂರಿಯಂಥ ತುಂಡಾಗುತ್ತೆ, ಅದು ಬೇಡ. ಟಫನ್ಡ್ ಗಾಜನ್ನ ಆಮೇಲೆ ಕತ್ತರಿಸೋಕೆ ಬರಲ್ಲ, ಅದಕ್ಕೇ ಅಳತೆ ಸರಿ ಇರಲಿ. ಕಪ್ಪು ಗಾಜು ತರಬೇಡಿ: ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70ರಷ್ಟು ಬೆಳಕು ಹಾಯಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮವಿದೆ. ನಮ್ಮ ಬಿಸಿಲಿಗೆ ಹಳೆ ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ರೆ ಹೊಸದೇ ತಗೊಳ್ರಿ.

ಹಗ್ಗದಿಂದ ಕೂರಿಸುವುದು

1. ಗಾಜಿನ ಸುತ್ತ ಬೀಡಿಂಗ್ ತೊಡಿಸ್ರಿ.
2. ತಗಡು ಕೂರುವ ಹೊರಗಿನ ಗಾಡಿಯಲ್ಲಿ ಸಣ್ಣ ನೈಲಾನ್ ಹಗ್ಗ ಸುತ್ತಲೂ ತೂರಿಸ್ರಿ. ಎರಡೂ ತುದಿ ಕೆಳಗೆ ನಡುವೆ ಒಂದರ ಮೇಲೊಂದು ಬಂದು ಕ್ಯಾಬಿನ್ ಒಳಗೆ ಇಳಿಬಿದ್ದಿರಲಿ.
3. ಅಂಚಿಗೆ ಸೋಪಿನ ನೀರು ಸವರ್ರಿ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಹಾಳಾಗುತ್ತೆ.
4. ಒಬ್ಬರು ಹೊರಗಿಂದ ಅಂಗೈಯಲ್ಲಿ ಗಾಜು ಒತ್ತಿ ಹಿಡೀಲಿ, ಇನ್ನೊಬ್ಬರು ಒಳಗಿಂದ ಹಗ್ಗ ನಿಧಾನ ಎಳೀಲಿ. ಹಗ್ಗ ಬಂದಂತೆ ರಬ್ಬರಿನ ತುಟಿ ತಗಡಿನ ಮೇಲೆ ಮಗುಚಿ ಕೂರುತ್ತೆ.
5. ಎಲ್ಲಾದ್ರೂ ಸಿಕ್ಕಿಕೊಂಡ್ರೆ ಅಲ್ಲಿ ಇನ್ನಷ್ಟು ಸೋಪಿನ ನೀರು ಹಾಕ್ರಿ. ಸುತ್ತಿಗೆ ಮುಟ್ಟಬೇಡಿ. ಟಫನ್ಡ್ ಗಾಜಿನ ಅಂಚಿಗೆ ಸಣ್ಣ ಪೆಟ್ಟು ಬಿದ್ರೂ ಪೂರ್ತಿ ಪುಡಿ.

ಕೊನೆಗೆ ಮೇಲಿಂದ ಒಂದು ಕೊಡ ನೀರು ಸುರಿದು, ಒಳಗೆ ಸೋರುತ್ತಾ ನೋಡ್ರಿ.

ಮತ್ತೆ ಒಡೆಯದಂತೆ

ಗಾಜಿನ ಹಿಂದೆ ಕಬ್ಬಿಣದ ಜಾಳಿಗೆ ಕೂರಿಸ್ರಿ. ಉದ್ದ ಸರಕನ್ನ ಎರಡು ಕಡೆ ಬಿಗಿದು, ಮುಂದಿನ ತುದಿಗೆ ಹಲಗೆ ಅಡ್ಡ ಇಡ್ರಿ. ವಿಮೆ ಕ್ಲೇಮ್ ಮಾಡೋ ಮುಂಚೆ ಲೆಕ್ಕ ಹಾಕ್ರಿ: ಥರ್ಡ್ ಪಾರ್ಟಿ ವಿಮೆಯಲ್ಲಿ ಗಾಜಿಗೆ ದುಡ್ಡು ಬರಲ್ಲ, ಫುಲ್ ವಿಮೆಯಲ್ಲಿ ಸಣ್ಣ ಕ್ಲೇಮ್‌ಗೂ ಬೋನಸ್ ಹೋಗಬಹುದು.