ಹಸಿರುಗಟ್ಟಿದ ಉಪ್ಪುನೀರ ಕೊಳ

ಕೆನಡಾದ ಒಂಟೇರಿಯೋ ಪ್ರಾಂತದಲ್ಲಿ ಮನೆಯ ಹಿತ್ತಿಲ ಈಜುಕೊಳಗಳನ್ನು ಚಳಿ ಕಾಲಿಡುವ ಮುನ್ನವೇ ಹೊದಿಕೆ ಹಾಸಿ ಮುಚ್ಚಿಟ್ಟು, ಹಿಮವೆಲ್ಲ ಕರಗಿದ ಬಳಿಕ, ಮೇ ತಿಂಗಳ ವಿಕ್ಟೋರಿಯಾ ದಿನದ ರಜೆಯ ಸುಮಾರಿಗೆ ತೆರೆಯುವುದು ರೂಢಿ. ಹೊದಿಕೆಯನ್ನು ಸರಿಸಿದೊಡನೆ, ಕೊಳೆತ ಮೇಪಲ್ ಎಲೆಗಳ ನಡುವೆ ತಳವೇ ಕಾಣದ ಕಡುಹಸಿರು ನೀರು ಎದುರಾದಾಗ, ಕೊಳದ ಒಡೆಯರಲ್ಲಿ ಅನೇಕರು, ಟೊರಾಂಟೋವಿನ ಸುತ್ತಣ ಊರುಗಳಲ್ಲಿ ನೆಲೆಸಿದ ಕನ್ನಡಿಗರೂ ಸೇರಿದಂತೆ, ಉಪ್ಪಿನಿಂದ ಕ್ಲೋರೀನ್ ತಯಾರಿಸುವ ಯಂತ್ರವನ್ನು ಅದರ ಪೂರ್ಣ ಸಾಮರ್ಥ್ಯಕ್ಕೆ ಏರಿಸಿ ಕಾಯತೊಡಗುವರು. ಆ ನಿರೀಕ್ಷೆ ಫಲಿಸುವುದಿಲ್ಲ; ಏಕೆ ಫಲಿಸದೆಂಬುದನ್ನು ಅರಿತರೆ ಪರಿಹಾರದ ದಾರಿಯೂ ತಾನಾಗಿ ತೆರೆದುಕೊಳ್ಳುವುದು.

ಉಪ್ಪುನೀರ ಕೊಳವೂ ವಸ್ತುತಃ ಕ್ಲೋರೀನ್ ಕೊಳವೇ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದರೆ ಇಲ್ಲಿರುವುದು 3 ಗ್ರಾಮಿನಷ್ಟು ಮಾತ್ರ. ಯಂತ್ರದೊಳಗಿನ ಟೈಟೇನಿಯಂ ಫಲಕಗಳ ನಡುವೆ ವಿದ್ಯುತ್ತು ಹರಿದಾಗ ಆ ಲವಣದ ಕ್ಲೋರೈಡು ಕ್ಲೋರೀನಾಗಿ, ನೀರಿನಲ್ಲಿ ಬೆರೆತು ಹೈಪೋಕ್ಲೋರಸ್ ಆಮ್ಲವಾಗಿ, ಸೂಕ್ಷ್ಮಜೀವಿಗಳನ್ನು ಸಂಹರಿಸಿ, ಬಹುಪಾಲು ಮತ್ತೆ ಕ್ಲೋರೈಡಾಗಿಯೇ ಉಳಿಯುವುದು. ಈ ಚಕ್ರ ಸೊಗಸಾದುದೇ ಸರಿ, ಆದರೆ ನಿಧಾನವಾದುದು. ನೀರಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದರೆ ಬಹಳಷ್ಟು ಯಂತ್ರಗಳು ಉತ್ಪಾದನೆಯನ್ನು ತಗ್ಗಿಸುವುವು, ಇಲ್ಲವೆ ನಿಲ್ಲಿಸಿಯೇ ಬಿಡುವುವು. ಬೂದಿ ಮುಚ್ಚಿದ ಕೆಂಡ ಕಾದ ನೀರನ್ನು ಆರದಂತೆ ಕಾಯಬಲ್ಲುದೇ ಹೊರತು ತಣ್ಣೀರ ಹಂಡೆಯನ್ನು ಕುದಿಸಲಾರದು. ಈ ಯಂತ್ರದ ಶಕ್ತಿಯೂ ಅಂತಹುದೇ. ಆದುದರಿಂದ ನೀರನ್ನು ಹಸಿರುಗಟ್ಟಿಸಿದ ಪಾಚಿಯನ್ನು ಕೊಲ್ಲುವ ಕ್ಲೋರೀನನ್ನು ಹೊರಗಿನಿಂದಲೇ ತರಬೇಕು.

ಮೊದಲು ಉದ್ದ ಕೋಲಿನ ಬಲೆಯಿಂದ ಎಲೆಗಳನ್ನೆಲ್ಲ ಎತ್ತಿಹಾಕಬೇಕು, ಏಕೆಂದರೆ ಕೊಳೆತ ಎಲೆಯೂ ಪಾಚಿಯಂತೆಯೇ ಕ್ಲೋರೀನನ್ನು ನುಂಗುವುದು. ಬಳಿಕ ನೀರಿನ ಪಿಎಚ್ ಮೌಲ್ಯವನ್ನು 7.2ರ ಹತ್ತಿರಕ್ಕೆ ಇಳಿಸಬೇಕು. ಕ್ಲೋರೀನ್ ದಶಲಕ್ಷಕ್ಕೆ 10 ಭಾಗವನ್ನು ದಾಟಿದ ಮೇಲೆ ಪಿಎಚ್ ಪರೀಕ್ಷೆಯ ಬಣ್ಣವನ್ನು ನಂಬಲಾಗದಾದುದರಿಂದ ಇದು ಮುಂಚೆಯೇ ಆಗಬೇಕಾದ ಕೆಲಸ. ಬಿಸಿಲಿನಿಂದ ಕ್ಲೋರೀನನ್ನು ಕಾಯುವ ಸಯನೂರಿಕ್ ಆಮ್ಲವನ್ನೂ ಅಳೆಯತಕ್ಕದ್ದು. ಚಳಿಗಾಲದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯವಾಗಿಸುವುದುಂಟು; ಹಾಗಾದ ಕೊಳದಲ್ಲಿ ಸುರಿದ ಕ್ಲೋರೀನ್ ನಿಮಿಷಗಳಲ್ಲೇ ಕಾಣೆಯಾಗುವುದನ್ನು ಕಂಡು ಧೈರ್ಯಗೆಡಬಾರದು.

ನೀರಿನಲ್ಲಿ ಉಳಿಯಬೇಕಾದ ಕ್ಲೋರೀನ್ ಈ ಆಮ್ಲದ ಸುಮಾರು ಶೇಕಡಾ 40ರಷ್ಟು. ಆಮ್ಲವು ದಶಲಕ್ಷಕ್ಕೆ 30 ಭಾಗವಿದ್ದರೆ ಕ್ಲೋರೀನ್ 12 ಭಾಗ. 50,000 ಲೀಟರಿನ ಕೊಳಕ್ಕೆ ಅದು 600 ಗ್ರಾಂ, ಅಂದರೆ ಶೇಕಡಾ 10ರ ದ್ರವ ಕ್ಲೋರೀನ್ ಸುಮಾರು 6 ಲೀಟರು. ದ್ರವವನ್ನೇ ನಾನು ಮೆಚ್ಚುವುದಕ್ಕೆ ಕಾರಣವಿದೆ: ಅದು ಕೊನೆಗೆ ಉಳಿಸಿಹೋಗುವುದು ಬರಿಯ ಉಪ್ಪನ್ನು, ಕ್ಯಾಲ್ಸಿಯಂ ಹೈಪೋಕ್ಲೋರೈಟಿನ ಪುಡಿಯಾದರೋ ನೀರಿಗೆ ಸುಣ್ಣದಂಶವನ್ನು ಕೂಡಿಸಿ, ಯಂತ್ರದ ಫಲಕಗಳ ಮೇಲೆ ಕರೆಕಟ್ಟಲು ಎಡೆಮಾಡುವುದು. ಪಿಎಚ್ ಇಳಿಸಲು ಬಳಸುವ ಆಮ್ಲವನ್ನೂ ಕ್ಲೋರೀನನ್ನೂ ಒಂದೇ ಪಾತ್ರೆಯಲ್ಲಿ ಎಂದೆಂದಿಗೂ ಬೆರೆಸಕೂಡದು. ಏಳುವ ಅನಿಲ ಪ್ರಾಣಘಾತಕ.

ಒಮ್ಮೆ ಸುರಿದು ಸುಮ್ಮನಾಗುವುದರಿಂದಲೇ ಹೆಚ್ಚಿನವರ ಶ್ರಮ ನಿಷ್ಫಲವಾಗುವುದು. ಪಾಚಿ ಕ್ಲೋರೀನನ್ನು ತಿಂದು ಮುಗಿಸಿದ ಮರುಗಳಿಗೆಯೇ ಅಳಿದುಳಿದ ಪಾಚಿ ಚಿಗುರುವುದರಿಂದ, ದಿನದಲ್ಲಿ ಹಲವು ಸಲ ಅಳೆದು, ಕೊರತೆಯನ್ನು ತುಂಬುತ್ತಲೇ ಇರಬೇಕು. ಕ್ಲೋರೀನನ್ನು ಅಳೆಯಲು 10 ಮಿಲಿಲೀಟರು ನೀರಿಗೆ ಪರೀಕ್ಷೆಯ ಪುಡಿ ಹಾಕಿದೊಡನೆ ಅದು ಗುಲಾಬಿ ಬಣ್ಣ ತಾಳುವುದು. ಮತ್ತೊಂದು ದ್ರವವನ್ನು ಹನಿಹನಿಯಾಗಿ ಬಿಟ್ಟು ಕಲಕುತ್ತಿದ್ದರೆ, ಯಾವುದೋ ಒಂದು ಹನಿಗೆ ಆ ಬಣ್ಣವೆಲ್ಲ ಥಟ್ಟನೆ ಅಳಿದುಹೋಗುವುದು. ಹನಿಯೊಂದಕ್ಕೆ ಅರ್ಧ ಭಾಗದಂತೆ ಎಣಿಸಿದರೆ ಲೆಕ್ಕ ದೊರೆಯಿತು. ಪಂಪು ಹಗಲಿರುಳು ಓಡುತ್ತಿರಲಿ. ಗೋಡೆಗಳನ್ನೂ ಏಣಿಯ ಹಿಂಬದಿಯನ್ನೂ ದಿನವೂ ಉಜ್ಜಬೇಕು. ಮರಳಿನ ಫಿಲ್ಟರಿನ ಒತ್ತಡ ಕಾಲುಪಾಲು ಏರಿದಾಗಲೆಲ್ಲ ನೀರನ್ನು ಹಿಮ್ಮುಖವಾಗಿ ಹರಿಯಿಸಿ ಅದನ್ನು ತೊಳೆಯಬೇಕು. ಹಸಿರು ಹೋಗಿ ಹಾಲುಬೆರೆತ ನೀಲಿಯಾದರೆ ಪಾಚಿ ಸತ್ತಿತೆಂದು ತಿಳಿಯಬಹುದು. ಉಳಿದುದು ಫಿಲ್ಟರಿನ ಕೆಲಸ. ತಳ ಸ್ಪಷ್ಟವಾಗಿ ಕಾಣುತ್ತಿದ್ದೂ ನೀರು ಹಸಿರಾಗಿಯೇ ಇದ್ದರೆ ಅದು ಪಾಚಿಯಲ್ಲ, ಬಹುಶಃ ತಾಮ್ರ. ಅದಕ್ಕೆ ಕ್ಲೋರೀನ್ ಮದ್ದಲ್ಲ. ತಳ ಕಾಣದ ನೀರಿಗೆ ಮಕ್ಕಳನ್ನು ಇಳಿಸಲೇಬಾರದು: ಮುಳುಗಿದ ಮಗು ದಡದಲ್ಲಿ ನಿಂತವರ ಕಣ್ಣಿಗೆ ಬೀಳದು.

ನೀರು ತಿಳಿಯಾಗಿ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಕ್ಲೋರೀನ್ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗದಿದ್ದರೆ ಶುದ್ಧಿ ಮುಗಿದಂತೆ. ಆಗ ಲವಣವನ್ನು ಅಳೆಯಬೇಕು, ಏಕೆಂದರೆ ಹಿಮ ಕರಗಿದ ನೀರೂ ಮಳೆಯೂ ಅದನ್ನು ತೆಳುವಾಗಿಸಿರುವುವು. ಲೀಟರಿಗೆ ಅರ್ಧ ಗ್ರಾಂ ಕಡಮೆಯಿದ್ದರೆ ಅದೇ 50,000 ಲೀಟರಿನ ಕೊಳಕ್ಕೆ 25 ಕಿಲೋ ಉಪ್ಪು ಬೇಕು. ಅದನ್ನು ಚೆಲ್ಲಿ, ತಳದಲ್ಲಿ ಕುಳಿತುದನ್ನು ಬ್ರಷ್ಷಿನಿಂದ ಕದಡಿ, ಒಂದು ದಿನ ಕರಗಬಿಟ್ಟು, ನೀರು 15 ಡಿಗ್ರಿಯನ್ನು ದಾಟಿದ ಬಳಿಕ ಯಂತ್ರವನ್ನು ನಡೆಸಬಹುದು.