ತೂಗುದೀಪದ ಕೆಳಗೆ ಕೌದಿ

ಮನೆ ಅಲಂಕಾರದ ಸಾಮಾನು ಮಾರುವ ಯಾವುದೇ ಆ್ಯಪ್‌ನಲ್ಲಿ 'ಬೋಹೋ' ಎಂದು ಹುಡುಕಿ ನೋಡಿ. ತುಂಡುಬಟ್ಟೆ ಕೂಡಿಸಿ ಹೊಲಿದ ಹೊದಿಕೆ, ಬೆತ್ತದ ಕುರ್ಚಿ, ಸೆಣಬಿನ ಹಾಸು, ಮಣ್ಣಿನ ಕುಂಡ ಸಾಲಾಗಿ ಬರುತ್ತವೆ. ಧಾರವಾಡದ ಕಡೆಯವರಿಗೆ ಆ ಹೊದಿಕೆಯ ಗುರುತು ಹೇಳಬೇಕಾಗಿಲ್ಲ. ಅದು ಕೌದಿ. ನಾನಿರುವ ಪುಣೆಯಲ್ಲಿ ಅದನ್ನೇ ಗೋಧಡಿ ಎನ್ನುತ್ತಾರೆ. ಬೋಹೋ ಎಂದ ಕೂಡಲೇ ಏರುವುದು ಬೆಲೆ ಮಾತ್ರ.

ನಮ್ಮ ಬಾಡಿಗೆ ಫ್ಲಾಟಿನ ಹಾಲ್ ಕೂಡ ಇದೇ ಬಗೆಯದು. ನೆಲಕ್ಕೆ ನವಲಗುಂದದ ಜಮಖಾನೆ, ದಿವಾನದ ಮೇಲೆ ಅವ್ವನ ಹಳೆಯ ಇಳಕಲ್ ಸೀರೆಗಳ ಕೌದಿ, ಕಿಟಕಿಯಲ್ಲಿ ಇಲ್ಲಿನ ಕುಂಬಾರವಾಡದಿಂದ ತಂದ ಕುಂಡಗಳು. ಇವೆಲ್ಲದರ ಮೇಲೆ ಐದು ತೋಳಿನ ಹಿತ್ತಾಳೆಯ ತೂಗುದೀಪ. ತೋಳಿಗೊಂದು ಗಾಜಿನ ಬಟ್ಟಲು, ಅಂಚಿಗೆ ಹರಳುಗಳು. ಇಲ್ಲಿಯವರು ಝುಂಬರ್ ಅನ್ನುತ್ತಾರೆ. ಬಂದವರು ಮೊದಲು ಮೇಲೆ ನೋಡುತ್ತಾರೆ, ಆಮೇಲೆ ಕೆಳಗೆ, ಕೊನೆಗೆ ನನ್ನ ಮುಖ. ವಾಡೆಯ ದೀಪಕ್ಕೂ ಬಡವರ ಹಾಸಿಗೆಗೂ ಎಲ್ಲಿಯ ನಂಟು ಎಂಬ ಪ್ರಶ್ನೆ ಅವರ ಕಣ್ಣಲ್ಲಿರುತ್ತದೆ.

ನಂಟು ಬೆಳಕಿನದು. ಇಂಥ ದೀಪಗಳು ಮೊದಲು ಹುಟ್ಟಿದ್ದು ಮೇಣದಬತ್ತಿಗಾಗಿ. ಹರಳಿನ ಒಂದೊಂದು ಮುಖವೂ ಪುಟ್ಟ ಜ್ವಾಲೆಯನ್ನು ಒಡೆದು ಹತ್ತಾಗಿಸುತ್ತದೆ. ಹೈದರಾಬಾದಿನ ಚೌಮಹಲ್ಲಾ ಅರಮನೆಯ ದರ್ಬಾರಿನಲ್ಲಿ ಬೆಲ್ಜಿಯಂ ಹರಳಿನ 19 ತೂಗುದೀಪಗಳಿವೆ. ಅಲ್ಲಿ ಅಮೃತಶಿಲೆ, ಬಿಳಿ ಗಾರೆಯ ಕುಸುರಿ. ಬೆಳಕು ಎಲ್ಲಿ ಬಿದ್ದರೂ ಪುಟಿಯುತ್ತದೆ. ನೋಡಲು ಭವ್ಯ, ಕಾಲು ಚಾಚಿ ಕೂರಲು ಮಾತ್ರ ಮನಸ್ಸಾಗದು. ಮಣ್ಣು, ಹತ್ತಿ, ಸೆಣಬು ಹಾಗಲ್ಲ, ಅವು ಬೆಳಕನ್ನು ಕುಡಿಯುತ್ತವೆ. ಹರಳಿನ ಮಿಂಚು ಅವುಗಳ ಮೇಲೆ ಬಿದ್ದು ಮೆತ್ತಗಾಗುತ್ತದೆ, ಓರೆಯಾಗಿ ಬಿದ್ದಾಗ ಕೌದಿಯ ಒಂದೊಂದು ಹೊಲಿಗೆಯೂ ಎದ್ದು ಕಾಣುತ್ತದೆ. ಚೆಟ್ಟಿನಾಡಿನ ಮನೆಗಳಲ್ಲಿ ಈ ಜೋಡಿ ಹಳೆಯದು: ಮೇಲೆ ಯುರೋಪಿನ ಗಾಜು, ಕೆಳಗೆ ಕೈಯಿಂದಲೇ ಮಾಡಿದ ಆತ್ತಂಗುಡಿ ಟೈಲ್ಸ್.

ನನ್ನ ಲೆಕ್ಕದಲ್ಲಿ ಕೋಣೆಗೆ ಮಿಂಚುವ ವಸ್ತು ಒಂದೇ ಸಾಕು. ತೂಗುದೀಪದ ಜೊತೆ ಕನ್ನಡಿ ಕಸೂತಿಯ ದಿಂಬು, ಗಾಜಿನ ಟೀಪಾಯಿ, ಬಂಗಾರದ ಬಣ್ಣದ ಫ್ರೇಮು ಎಲ್ಲ ಸೇರಿದರೆ ಮದುವೆ ಹಾಲ್ ಆಗುತ್ತದೆ.

ಬಲ್ಬಿನ ಬಗ್ಗೆ ನಾನು ಸ್ವಲ್ಪ ಹಟಮಾರಿ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು 6500 ಕೆಲ್ವಿನ್‌ನ ನೀಲಿ ಬಿಳುಪಿನ ಎಲ್‌ಇಡಿ. ಅದರಡಿ ಕೆಂಪು ಮಣ್ಣು ಬೂದಿ ಬಡಿದಂತೆ ಕಾಣುತ್ತದೆ, ಹಿತ್ತಾಳೆ ಕಳೆಗುಂದುತ್ತದೆ. 2700 ಕೆಲ್ವಿನ್ ತನ್ನಿ. ಹಳೆಯ ತಂತಿಬಲ್ಬಿನ ಬಣ್ಣ ಅದು. ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕಿಯನ್ನೂ ನೋಡಿ. 90ಕ್ಕಿಂತ ಮೇಲಿದ್ದರೆ ಇಳಕಲ್ ಸೆರಗಿನ ಕೆಂಪು ಕೆಂಪಾಗಿಯೇ ಕಾಣುತ್ತದೆ. ಐದು ತೋಳಿಗೂ ದೊಡ್ಡ ಬಲ್ಬು ಬೇಡ, ಎರಡು ಮೂರು ವ್ಯಾಟ್ ಸಾಕು. ಮೇಜಿನ ಮೇಲೆ ತೂಗುಹಾಕುವುದಾದರೆ ಮೇಜಿಗೂ ದೀಪದ ತಳಕ್ಕೂ 30ರಿಂದ 36 ಇಂಚು ಬಿಡಿ.

ಹಿತ್ತಾಳೆಗೆ ಪುಣೆಯ ಜೂನಾ ಬಜಾರ್, ಬುಧವಾರ ಮತ್ತು ಭಾನುವಾರ. ಗಾಜಿಗೆ ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಅಂಗಡಿಯವರ ಬಾಯಲ್ಲಿ ಎಲ್ಲ ಗಾಜೂ ಬೆಲ್ಜಿಯಂನದ್ದೇ. ಫಿರೋಜಾಬಾದಿನಲ್ಲೂ ಚೆಂದದ ಗಾಜು ಆಗುತ್ತದೆ, ಆ ಬೆಲೆಗೆ ಕೊಟ್ಟರೆ ತಪ್ಪೇನಿಲ್ಲ. ಬಾಯಿಂದ ಊದಿ ಮಾಡಿದ ಹಳೆಯ ಗಾಜಿನಲ್ಲಿ ಸಣ್ಣ ಗುಳ್ಳೆಗಳಿರುತ್ತವೆ, ದಪ್ಪ ಎಲ್ಲೆಡೆ ಒಂದೇ ಇರುವುದಿಲ್ಲ.

ತಂದ ದೀಪವನ್ನು ಹಾಗೆಯೇ ಸ್ವಿಚ್ಚಿಗೆ ಜೋಡಿಸಬೇಡಿ. ಒಳಗಿನ ಬಟ್ಟೆ ಸುತ್ತಿದ ವೈರ್ ಕೈಯಲ್ಲಿ ಪುಡಿಯಾಗುವಷ್ಟು ಒಣಗಿರುತ್ತದೆ. ವೈರು, ಹೋಲ್ಡರು ಎರಡೂ ಹೊಸದಾಗಲಿ. ಲೋಹದ ಮೈಗೆ ಅರ್ಥಿಂಗ್ ಬೇಕೇ ಬೇಕು. 'ಬೇಡ ಬಿಡ್ರಿ' ಎನ್ನುವ ಎಲೆಕ್ಟ್ರಿಷಿಯನ್ನನ್ನು ಚಹಾ ಕೊಟ್ಟು ಕಳಿಸಿಬಿಡಿ. ಜಿಪ್ಸಂ ಸೀಲಿಂಗ್ ಭಾರ ತಡೆಯುವುದಿಲ್ಲ. ಬಾಡಿಗೆ ಮನೆಯಲ್ಲಿ ಡ್ರಿಲ್ ಮಾಡಲು ಮಾಲೀಕರು ಒಪ್ಪದಿದ್ದರೆ ಸ್ಲ್ಯಾಬಿನಲ್ಲೇ ಕೂರಿಸಿದ ಫ್ಯಾನ್ ಹುಕ್ ಇದ್ದೇ ಇರುತ್ತದೆ. ನಮ್ಮ ಆರು ಕಿಲೋ ದೀಪ ತೂಗುತ್ತಿರುವುದು ಅದಕ್ಕೇ. ಫ್ಯಾನು ಮೂಲೆಯಲ್ಲಿ ನಿಂತಿದೆ.

ಅವ್ವನಿಗೆ ಇದ್ಯಾವುದೂ ಹಿಡಿಸಿರಲಿಲ್ಲ. ಧಾರವಾಡದ ಮನೆಗೆ ಯಾರಾದರೂ ಬರುತ್ತಾರೆಂದರೆ "ಆ ಕೌದಿ ತಗದು ಒಳಗಿಡವಾ, ಮಂದಿ ಏನಂದಾರು" ಅನ್ನುತ್ತಿದ್ದಳು. ಟ್ರಂಕಿನ ಹಿಂದೆ ಕೌದಿ, ದಿವಾನದ ಮೇಲೆ ಹೂವಿನ ಬೆಡ್‌ಶೀಟು. ಕೌದಿ ಅಂದರೆ ರಗ್ಗು ಕೊಳ್ಳಲು ದುಡ್ಡಿಲ್ಲ ಎಂದು ಊರಿಗೆ ಹೇಳಿದ ಹಾಗೆ. ಪುಣೆಗೆ ಬಂದಾಗಲೂ ನೆರೆಯ ಕಾಕು ಬಾಗಿಲು ತಟ್ಟಿದೊಡನೆ ಅವಳ ಕೈ ಕೌದಿಯ ಕಡೆಗೇ ಹೋಯಿತು. ಕಾಕು ಅದನ್ನು ಹಿಡಿದೇ ಕೂತರು. ಅವರ ಅತ್ತೆ ಹೊಲಿದ ಗೋಧಡಿಯೂ ಮನೆಯಲ್ಲಿದೆಯಂತೆ. ಆ ಸಂಜೆ ದೀಪದ ಕೆಳಗೆ ಅವ್ವ ಒಂದೊಂದು ತುಂಡಿಗೂ ಬೆರಳಿಟ್ಟು ಹೇಳುತ್ತಾ ಹೋದಳು: ಇದು ಅಜ್ಜನ ಧೋತರ, ಇದು ಅಕ್ಕನ ಕುಬುಸದ್ದು, ಇದು ನಾನು ಹುಟ್ಟಿದಾಗ ತವರಿನಿಂದ ಬಂದ ಸೀರೆ. ಅಷ್ಟು ವರ್ಷ ಅದನ್ನೇ ಹೊದ್ದು ಮಲಗಿದ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಈಗ ಇಬ್ಬರೂ ಸೇರಿ ಹೊಸದೊಂದನ್ನು ಶುರುಮಾಡಿದ್ದಾರೆ. ನನ್ನ 2700 ಕೆಲ್ವಿನ್ನಿಗೆ ಅಲ್ಲಿ ಬೆಲೆಯಿಲ್ಲ. "ಸೂಜಿ ಪೋಣಸಾಕ ಕಾಣೂದಿಲ್ಲ, ಆ ಟ್ಯೂಬ್‌ಲೈಟ್ ಹಚ್ಚು" ಅನ್ನುತ್ತಾಳೆ. ಹಚ್ಚುತ್ತೇನೆ. ಅದನ್ನು ಗೋಡೆಯಿಂದ ತೆಗೆಸಿಲ್ಲ.